ಅಂಗುಳದ ನಾದ

ಲವಂಗದೆಣ್ಣೆಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ದಂತವೈದ್ಯರ ಕುರ್ಚಿಯಲ್ಲಿ ಒರಗಿದ್ದ ಶೈಲಜಮ್ಮನಿಗೆ ತರಗುಪೇಟೆಯ ಅಪ್ಪನ ಗ್ರಂಧಿಗೆ ಅಂಗಡಿ ಕಣ್ಣಿಗೆ ಕಟ್ಟಿತು. ಲವಂಗ ಖಾಲಿಯಾದ ದೊಡ್ಡ ತಗಡಿನ ಡಬ್ಬದೊಳಗೆ ತಲೆ ತೂರಿಸಿ ಪುಟ್ಟ ಶೈಲಜ 'ಊಂ' ಎಂದು ರಾಗ ಎಳೆಯುತ್ತಿದ್ದಳು. ಒಳಗೆ ಅವಳ ದನಿ ಮದುವೆ ಮನೆಯ ವಾಲಗದಷ್ಟು ದೊಡ್ಡದಾಗುತ್ತಿತ್ತು. "ಏನವ್ವಾ, ಡಬ್ಬಕ್ಕೆ ಪಾಠ ಆಯ್ತಾ?" ಎಂದು ಅಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದರು. ಆದರೂ ಆ ಡಬ್ಬವನ್ನು ಹಳೇ ಸಾಮಾನಿನವನಿಗೆ ಹಾಕಿರಲಿಲ್ಲ.

"ನೋವೇನಾದ್ರೂ ಇದ್ಯಾ ಅಮ್ಮ?" ಡಾಕ್ಟರ್ ದೀಪ್ತಿ ಕೇಳಿದಳು. ಎರಡು ತಿಂಗಳ ಹಿಂದೆ ಶೈಲಜಮ್ಮನಿಗೆ ಮೇಲಿನ ಹಲ್ಲಿನ ಸೆಟ್ಟು ಮಾಡಿಕೊಟ್ಟವಳು ಅವಳೇ.

"ಏನೂ ಇಲ್ಲಮ್ಮ. ಚಕ್ಲಿ ಬೇಕಾದ್ರೂ ಮುರೀತೀನಿ."

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಗೆಳತಿ ಸರಸ್ವತಮ್ಮ ತಡೆಯಲಾರದೆ ಬಾಯಿಹಾಕಿದರು. "ಚಕ್ಲಿ ವಿಷ್ಯ ಹೇಳೋಕಾ ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದು? ಡಾಕ್ಟ್ರೇ, ಇವಳಿಗೆ ಹಾಡೋಕೆ ಆಗ್ತಿಲ್ಲ."

ಚಾಮರಾಜಪೇಟೆಯ ಮಠದ ಹಜಾರದಲ್ಲಿ ಪ್ರತಿ ಸೋಮವಾರ ಸಂಜೆ ಹೆಂಗಸರ ಗುಂಪೊಂದು ವಚನ ಹಾಡುತ್ತದೆ. ಮೊದಲ ಸಾಲು ಎತ್ತಿಕೊಡುವುದು ಶೈಲಜಮ್ಮ. ಹೊಸ ಹಲ್ಲು ಬಂದ ಮೇಲೆ ಅವರ ದನಿ ಕಂಬಳಿ ಹೊದ್ದು ಮಲಗಿಬಿಟ್ಟಿತ್ತು. ವಯಸ್ಸಾಯಿತು, ಗಂಟಲು ಹೋಯಿತು ಎಂದುಕೊಂಡರು. ಹಾರ್ಮೋನಿಯಂ ನುಡಿಸುವ ಮುರುಗೇಶ ಯಾರೂ ಹೇಳದೆಯೇ ಶ್ರುತಿಯನ್ನು ಒಂದು ಮನೆ ಇಳಿಸಿದ. ಗುಂಪಿಗೆಲ್ಲ ದೊಡ್ಡ ಗಂಟಲಿನ ಸರಸ್ವತಮ್ಮ, ಗೆಳತಿಯ ದನಿ ಮುಳುಗದಿರಲೆಂದು ತಮ್ಮದನ್ನು ತಗ್ಗಿಸಿಕೊಂಡರು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಶೈಲಜಮ್ಮ ಗಮನಿಸಿದ್ದರು, ಗಮನಿಸಿದೆನೆಂದು ಅವರೂ ಹೇಳಲಿಲ್ಲ.

ಕಳೆದ ಸೋಮವಾರ ಅವರು ಕಂಬದ ಮರೆಗೆ ಹೋಗಿ, ಹಲ್ಲಿನ ಸೆಟ್ಟನ್ನು ಕಳಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದು ಹಾಡಿದರು. ನಾದವೇನೋ ಹೊರಟಿತು. ಆದರೆ ಸಕಾರ, ತಕಾರಗಳೆಲ್ಲ ಗಾಳಿಯಾಗಿ ಹೋದವು. ಮುಂದೆ ಕೂತ ಹುಡುಗಿಯರು ಕಿಸಕ್ಕನೆ ನಕ್ಕರು. ಮಾತೇ ತಿಳಿಯದ ಮೇಲೆ ವಚನ ಹಾಡಿ ಏನು ಬಂತು? ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ತನಗೇ ತಿರುಗಿ ಬಂತಲ್ಲ ಎಂದು ಶೈಲಜಮ್ಮನೂ ನಕ್ಕರು. ಮನೆಗೆ ಬಂದು ಮಾತ್ರ ವಚನದ ಪುಸ್ತಕವನ್ನು ಎತ್ತಿಟ್ಟುಬಿಟ್ಟರು. ನಾಡಿದ್ದು ಶ್ರಾವಣದ ಕಡೇ ಸೋಮವಾರ. ಇವತ್ತು ದಾರಿ ಕಾಣದಿದ್ದರೆ ಮೊದಲ ಸಾಲನ್ನು ಬೇರೆಯವರಿಗೆ ಒಪ್ಪಿಸಿ, ಹಿಂದೆ ಕೂತು ತಾಳ ಹಾಕುವುದೆಂದು ನಿರ್ಧರಿಸಿದ್ದರು.

"ಹಲ್ಲು ತೆಗೆದಾಗ ನಾದ ಇತ್ತು," ಎಂದರು ಸರಸ್ವತಮ್ಮ. "ಅಂದ್ಮೇಲೆ ಗಂಟಲದ್ದು ತಪ್ಪಿಲ್ಲ ಅಂತ ಎಳ್ಕೊಂಡು ಬಂದೆ."

ದೀಪ್ತಿ ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟಳು. "ಹಾಡಿ ಅಮ್ಮ, ಕೇಳ್ತೀನಿ."

"ಇಲ್ಲೇ? ಹೊರಗಡೆ ಜನ ಕಾಯ್ತಿದಾರೆ ಕಣಮ್ಮ."

ಅವಳು ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ ಬಂದಳು. ಶೈಲಜಮ್ಮ ಸಂಕೋಚದಿಂದಲೇ ಒಂದು ಸಾಲು ಹಾಡಿದರು. ದೀಪ್ತಿ ಸೆಟ್ಟು ತೆಗೆಸಿ ಅದೇ ಸಾಲನ್ನು ಮತ್ತೆ ಹಾಡಿಸಿದಳು. ಆಮೇಲೆ ಬಾಯಿ ಮುಚ್ಚಿ 'ಮ್' ಅನ್ನಲು ಹೇಳಿ, ಅವರ ಮೂಗಿನ ಬುಡಕ್ಕೆ ಬೆರಳು ಇಟ್ಟು ನೋಡಿದಳು.

"ಗಂಟಲಲ್ಲಿ ಹುಟ್ಟೋ ದನಿ ತುಂಬಾ ಚಿಕ್ಕದು ಅಮ್ಮ. ಅದು ಗಂಟಲಿನ ಮೇಲ್ಗಡೆ, ಬಾಯಿ, ಮೂಗಿನ ಹಿಂದೆ, ಅಲ್ಲೆಲ್ಲ ಸುತ್ತಾಡಿ ಮೈ ತುಂಬ್ಕೊಳ್ಳುತ್ತೆ. ನಿಮ್ಮ ತಂಬೂರಿ ತಂತಿ ಚೆನ್ನಾಗಿದೆ. ನಾನು ಅದರ ಬುರುಡೆ ಒಳಗಡೆ ದಪ್ಪಗೆ ಮೆತ್ತಿಬಿಟ್ಟಿದೀನಿ." ಸೆಟ್ಟಿನ ಅಂಗುಳದ ಭಾಗವನ್ನು ಬೆಳಕಿಗೆ ಹಿಡಿದು ತೋರಿಸಿದಳು. "ತಪ್ಪು ನಂದು. ಏನೇನು ತಿಂತೀರಾ ಅಂತ ಎಲ್ಲ ಕೇಳ್ದೆ. ಹಾಡ್ತೀರಾ ಅಂತ ಕೇಳ್ಲಿಲ್ಲ."

"ನಾನಾದ್ರೂ ಹೇಳ್ಬೇಕಿತ್ತಲ್ಲ."

"ಇದನ್ನ ತೆಳ್ಳಗೆ ಉಜ್ಜಬಹುದು. ಆದ್ರೆ ಜಾಸ್ತಿ ಉಜ್ಜಿದ್ರೆ ಬಿರುಕು ಬಿಡಬಹುದು. ಬಿರುಕು ಬಿಟ್ರೆ ಹೊಸದು ಮಾಡೋಕೆ ಎರಡು ವಾರ ಬೇಕು, ಸೋಮವಾರ ಬಾಯಲ್ಲಿ ಹಲ್ಲೇ ಇರಲ್ಲ. ಉಜ್ಜಿದ್ರೂ ಪೂರ್ತಿ ಮೊದಲಿನ ಥರ ಆಗುತ್ತೆ ಅಂತ ಮಾತು ಕೊಡಲ್ಲ. ಏನ್ ಮಾಡ್ಲಿ?"

ಸರಸ್ವತಮ್ಮ ಗೆಳತಿಯ ಮುಖ ನೋಡಿದರು. ಶೈಲಜಮ್ಮ ಹೆಚ್ಚು ಯೋಚಿಸಲಿಲ್ಲ. "ಉಜ್ಜಮ್ಮ. ಬಾಯಿದ್ದೂ ಮೂಗಿ ಆಗಿ ಕೂತಿದ್ದು ಸಾಕು."

ದೀಪ್ತಿ ಕಿಟಕಿಯ ಹತ್ತಿರ ಕೂತಳು. ಯಂತ್ರದ ಸದ್ದಿನ ಜೊತೆ ಗುಲಾಬಿ ಬಣ್ಣದ ಪುಡಿ ಅವಳ ಮಡಿಲಿಗೆ ಉದುರತೊಡಗಿತು. ಸ್ವಲ್ಪ ಉಜ್ಜಿ, ದಪ್ಪ ಅಳೆದು, ತೊಳೆದು ಕೊಡುವಳು; ಶೈಲಜಮ್ಮ ತೊಟ್ಟು ಒಂದು ಸಾಲು ಹಾಡುವರು. "ಇಲ್ಲ," ಎಂದು ಅವಳೇ ತಲೆಯಾಡಿಸಿ ವಾಪಸು ಪಡೆಯುವಳು. ನಡುವೆ ಒಮ್ಮೆ ಯಂತ್ರ ಚಟ್ಟೆಂದಿತು. ದೀಪ್ತಿ ಸೆಟ್ಟನ್ನು ಬೆಳಕಿಗೆ ಎತ್ತಿ ಅತ್ತಿತ್ತ ತಿರುಗಿಸಿ ನೋಡಿ, "ಏನಾಗಿಲ್ಲ, ಉಜ್ಜೋ ಕಲ್ಲು ಜಾರಿತು ಅಷ್ಟೇ," ಎಂದಾಗ ಸರಸ್ವತಮ್ಮ "ಶಿವನೇ" ಎಂದು ಗೋಡೆಗೆ ಒರಗಿದರು.

ಬಾಗಿಲು ಸ್ವಲ್ಪ ತೆರೆಯಿತು. ಆಸ್ಪತ್ರೆಯ ಆಯಾ ತಿಮ್ಮಕ್ಕ ತಲೆ ಹಾಕಿದಳು. "ಹೊರಗಡೆ ಕಾಯ್ತಿರೋ ಆಂಜಿನಯ್ಯನೋರು ಹೇಳ್ತಾವ್ರೆ. ಹಲ್ಲಿನ ಡಾಕ್ಟ್ರ ಹತ್ರ ಜನ ಅರಚೋದು ಕೇಳಿದ್ರಂತೆ, ಹಾಡೋದು ಇದೇ ಮೊದಲಂತೆ."

"ಇನ್ನೊಂದು ಸಲ ಕೇಳ್ಬೇಕಾಗುತ್ತೆ ಅಂತ ಹೇಳು," ಎಂದಳು ದೀಪ್ತಿ. ಅವಳ ಕೈ ನಿಲ್ಲಲಿಲ್ಲ.

ಆ ಸಲ ತೊಟ್ಟಾಗ ಶೈಲಜಮ್ಮನಿಗೆ ನಾಲಿಗೆ ಹೊರಳಿಸಲು ಜಾಗ ಸಿಕ್ಕಿದ್ದು ಮೊದಲು ತಿಳಿಯಿತು. ಹಾಡು ಎತ್ತಿದರು. ಮೂಗಿನ ಬುಡದಲ್ಲಿ ಜೇನುನೊಣ ಕೂತ ಹಾಗೆ ಸಣ್ಣಗೆ ಜುಮ್ಮೆಂದಿತು. ಆ ಜುಮ್ಮೆನ್ನುವುದು ಹಣೆಗೇರಿತು. ಅಕ್ಷರಗಳೂ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತವು. ಹಿಂದಿನ ನಯ ಪೂರ್ತಿ ಇರಲಿಲ್ಲ, ಒಂದು ಸಣ್ಣ ಗೊಗ್ಗರು ಉಳಿದಿತ್ತು. ಎರಡನೇ ಸಾಲಿಗೆ ಸರಸ್ವತಮ್ಮ ತಾವಾಗಿಯೇ ದನಿಗೂಡಿಸಿದರು, ತಮ್ಮ ಪೂರ್ತಿ ಗಂಟಲಲ್ಲಿ. ಶೈಲಜಮ್ಮನ ದನಿ ಮುಳುಗಲಿಲ್ಲ.

ಹಾಡು ಮುಗಿದಾಗ ದೀಪ್ತಿ ಮುಖಗವಸು ಕೆಳಗೆಳೆದು, ಮಡಿಲಿನ ಪುಡಿ ಕೊಡವಿಕೊಂಡಳು. "ಇಷ್ಟಕ್ಕೆ ನಿಲ್ಸೋಣ ಅಮ್ಮ. ಇನ್ನು ಉಜ್ಜಿದ್ರೆ ತಾಳಲ್ಲ."

"ಇಷ್ಟು ಬೇಕಾದಷ್ಟಾಯ್ತಮ್ಮ," ಎಂದರು ಶೈಲಜಮ್ಮ. ಅವಳ ಮೊಣಕೈಯನ್ನು ಒಮ್ಮೆ ಒತ್ತಿ ಎದ್ದರು.

ಹೊರಗೆ ಬಂದಾಗ ಗಡಿಯಾರ ಮೂರು ದಾಟಿತ್ತು. ಒಳಗೆ ಹೋಗುತ್ತಿದ್ದ ಆಂಜಿನಯ್ಯನವರು ಶೈಲಜಮ್ಮನಿಗೆ ಕೈ ಮುಗಿದರು. "ಊಟ ಮಾಡ್ಕೊಂಡು ಬನ್ನಿ ಮೇಡಂ ಅಂದ್ರೆ ಕೇಳಲ್ಲ," ತಿಮ್ಮಕ್ಕ ಗೊಣಗಿದಳು. "ಬೆಳಿಗ್ಗೆಯಿಂದ ಬರೀ ಕಾಫಿ."

ಗೆಳತಿಯರು ಕೆಳಗಿಳಿದರು. ಬೀದಿಯ ಮೂಲೆಯ ಹೋಟೆಲಿನಲ್ಲಿ ಬಿಸಿಬೇಳೆಬಾತು ಇನ್ನೂ ಇತ್ತು. ಶೈಲಜಮ್ಮ ಬಾಳೆಲೆಯಲ್ಲಿ ಕಟ್ಟಿಸಿದರು, ಬೂಂದಿ ಬೇರೆ ಪೊಟ್ಟಣದಲ್ಲಿ. "ಮತ್ತೆ ಆ ಮೆಟ್ಟಿಲಾ? ನನ್ನ ಮಂಡಿಗೆ ಯಾವ ಡಾಕ್ಟ್ರು?" ಎನ್ನುತ್ತಲೇ ಸರಸ್ವತಮ್ಮ ಮುಂದಾಗಿ ಹತ್ತಿದರು.

ಆಂಜಿನಯ್ಯನವರು ಬಾಯಿ ತೆರೆದು ಕೂತಿದ್ದರು. ಶೈಲಜಮ್ಮ ಪೊಟ್ಟಣ ಹಿಡಿದು ಹೊಸ್ತಿಲಲ್ಲಿ ನಿಂತರು. ದೀಪ್ತಿ ತಿರುಗಿ ನೋಡಿದಳು, ಯಂತ್ರ ನಿಲ್ಲಿಸಿದಳು, ಕೈಗವಸು ಕಳಚಿ ಹತ್ತಿರ ಬಂದು ಎರಡೂ ಕೈ ಒಡ್ಡಿದಳು. ಶೈಲಜಮ್ಮ ಬಿಸಿ ಪೊಟ್ಟಣವನ್ನು ಆ ಕೈಗಳಲ್ಲಿಟ್ಟರು.