ಕೈ ಕಟ್ರಿ

ಬನಹಟ್ಟಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ತುಳಸಾಬಾಯಿಯವರ ಪಾಠ ಯಾವತ್ತೂ ಒಂದೇ ಮಾತಿನಿಂದ ಶುರುವಾಗುತ್ತಿತ್ತು: "ಕೈ ಕಟ್ರಿ." ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದರೂ ಆ ಮಾತು ಬದಲಾಗಿರಲಿಲ್ಲ. ಪಾಠ ಟಿಪ್ಪಣಿಯಲ್ಲೂ ಅದೇ ಮೊದಲ ಸಾಲು. ನೇಕಾರರ ಮಕ್ಕಳಿಗೆ ದಾರದ ತುಂಡೊಂದು ಸಿಕ್ಕರೆ ಸಾಕು, ಬೆರಳಿಗೆ ಸುತ್ತುತ್ತ ಕೂಡುತ್ತವೆ ಎಂಬುದು ಅವರ ದೂರು.

ಅವರ ನಿದ್ದೆಗೆಡಿಸಿದವಳು ಮಾತ್ರ ಆ ತರಗತಿಯ ಸಾವಕ್ಕ. ಮಗ್ಗಿ ಹೇಳೆಂದರೆ ಕೈ ಕಟ್ಟಿ ಕಂಬದಂತೆ ನಿಲ್ಲುವಳು, ಬಾಯಿಗೆ ಬೀಗ. ತುಳಸಾಬಾಯಿ ಬಿಟ್ಟವರಲ್ಲ. ಹಲಗೆಯ ಮೇಲೆ ಚಿತ್ರ ಬರೆದರು, ಹುಣಸೆಬೀಜ ಸುರಿದು ತೋರಿಸಿದರು, ಮಗ್ಗಿಗೆ ಹಾಡಿನ ಧಾಟಿಯನ್ನೂ ಹಚ್ಚಿದರು. ಪಾಪದ ಹುಡುಗಿ, ಕಣ್ಣಲ್ಲಿ ನೀರು ತುಂಬಿಕೊಂಡಳೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ.

ಒಂದು ದಿನ ಅವಳ ತಾಯಿ ಮುತ್ತವ್ವ ಶಾಲೆಗೇ ಬಂದಳು. "ಅಕ್ಕೋರ, ಇನ್ಸ್‌ಪೆಕ್ಟರ್ ಸಾಹೇಬರ ಪರೀಕ್ಷಾದಾಗ ಪಾಸಾದ್ರ ಸಾಲಿ. ಇಲ್ಲಂದ್ರ ಮನ್ಯಾಗ ಮಗ್ಗಕ್ಕ ಕಂಡಿಕಿ ಸುತ್ತಲಿ. ನಮಗೂ ಕೈ ಬೇಕಲ್ರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ತುಳಸಾಬಾಯಿಯವರಿಗೆ ಹೆಚ್ಚು ದಿಗಿಲಾಯಿತು.

ಪರೀಕ್ಷೆಯ ಹಿಂದಿನ ಸಂಜೆ, ಹೇಗಾದರೂ ಮುತ್ತವ್ವನ ಮನವೊಲಿಸೋಣವೆಂದು ಅವಳ ಮನೆಗೆ ಹೊರಟರು. ಒಳಗೆ ಸಾವಕ್ಕ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ರಾಟೆಯ ಜೊತೆಗೇ ಹದಿನೇಳರ ಮಗ್ಗಿ ಸರಾಗವಾಗಿ ಬಾಯಿಂದ ಇಳಿಯುತ್ತಿತ್ತು. ತುಳಸಾಬಾಯಿ ಹೊಸ್ತಿಲಲ್ಲೇ ನಿಂತರು. ಅಕ್ಕೋರನ್ನು ಕಂಡದ್ದೇ ತಡ, ಹುಡುಗಿ ಎದ್ದು ಕೈ ಕಟ್ಟಿದಳು. ಮಗ್ಗಿ ನಿಂತುಹೋಯಿತು.

ಬಂದ ಕೆಲಸ ಮರೆತು ಮನೆಗೆ ಮರಳಿದ ತುಳಸಾಬಾಯಿ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕುಳಿತರು. ಮಾರನೆಯ ದಿನದ ಪಾಠ ಅವರಿಗೆ ಹೊಳೆಯುತ್ತಿದ್ದುದೇ ಬತ್ತಿ ಹೊಸೆಯುವಾಗ. ಹೊಸೆಯುತ್ತಿದ್ದ ಕೈ ಅರ್ಧಕ್ಕೇ ನಿಂತಿತು. "ಅಯ್ಯ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದುಕೊಂಡರು.

ಮರುದಿನ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಸಾವಕ್ಕನ ಸರದಿ ಬಂತು. ಹದಿನೇಳರ ಮಗ್ಗಿಯನ್ನೇ ಕೇಳಿದರು. ಅವಳು ಕೈ ಕಟ್ಟಿ ನಿಂತಳು. ಬಾಗಿಲಲ್ಲಿ ಮುತ್ತವ್ವ ಇಣುಕುತ್ತಿದ್ದಳು. ತುಳಸಾಬಾಯಿ ಎದ್ದು, ಶಾಲೆಯಲ್ಲಿ ನೂಲುವ ತಾಸಿಗೆಂದು ಇಟ್ಟಿದ್ದ ತಕಲಿಯನ್ನು ತಂದು ಹುಡುಗಿಯ ಕೈಗಿಟ್ಟರು.

"ತಿರುಗಿಸ್ಕೋತ ಹೇಳವಾ."

ಸಾಹೇಬರು ಹುಬ್ಬೇರಿಸಿದರು. "ಇದು ಲೆಕ್ಕದ ತಾಸಲ್ಲೇನ್ರಿ?"

"ಹೌದ್ರಿ. ಈಕಿ ಮಗ್ಗಿ ಕೈಯಾಗ ಅದರಿ ಸಾಹೇಬರ. ಇಷ್ಟು ದಿನ ನಾನ ಅದನ್ನ ಕಟ್ಟಿ ಇಟ್ಟಿದ್ದೆ."

ತಕಲಿ ತಿರುಗಿತು. ಮೊದಲು ಸಣ್ಣಗೆ, ಆಮೇಲೆ ಇಡೀ ಕೋಣೆಗೆ ಕೇಳುವಂತೆ ಸಾವಕ್ಕನ ದನಿ ಹೊರಟಿತು. ಒಂದು ಕಡೆಯೂ ತಡವರಿಸಲಿಲ್ಲ. ಸಾಹೇಬರು ಪಾಸು ಹಾಕಿದರು. ಮುತ್ತವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಮನ್ಯಾಗ ಕಂಡಿಕಿ ನಾನ ಸುತ್ಕೋತೇನಿ ಬಿಡ್ರಿ," ಎಂದು ಯಾರಿಗೂ ಅಲ್ಲವೆಂಬಂತೆ ಅಂದಳು.

ಮಾರನೆಯ ಬೆಳಗ್ಗೆ ತುಳಸಾಬಾಯಿ ತರಗತಿಗೆ ಬಂದಾಗ ಹುಡುಗಿಯರೆಲ್ಲ ರೂಢಿಯಂತೆ ಕೈ ಕಟ್ಟಿದ್ದರು. ಅವರು ಚೀಲದಿಂದ ಹತ್ತಿಯ ಉಂಡೆ ತೆಗೆದು ಮೇಜಿನ ಮೇಲಿಟ್ಟು, ಬತ್ತಿ ಹೊಸೆಯತೊಡಗಿದರು.

"ಕೈ ಬಿಡ್ರಿ," ಎಂದರು.