ಲವಂಗ ಕಲಿತ ಜೇನುಗಳು

ಜೇನಿನ ವಿಷಯ ಬಲ್ಲವರು ಬೇಕಾದಷ್ಟು ಜನ ಇರುವಾಗ ಇದನ್ನು ಹೇಳಲು ಹೊರಟಿರುವುದು ಅಧಿಕಪ್ರಸಂಗವೇ ಸರಿ. ತಿಳಿದವರು ಕ್ಷಮಿಸಬೇಕು. ಒಂದು ಹಲ್ಲುನೋವು ಏನೆಲ್ಲ ಮಾಡಿತು ಎನ್ನುವುದನ್ನು ಯಾರಾದರೂ ಹೇಳಲೇಬೇಕಲ್ಲ.

ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಅನುಮಾನದಕ್ಕ ಎನ್ನುತ್ತಿದ್ದರು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವಳು. ಮೊದಲು ಸೀಸೆ ತೊಳೆಯುತ್ತಿದ್ದಳು. ಮೂರು ವರ್ಷ ಸಂಜೆ ಕ್ಲಾಸಿಗೆ ಹೋಗಿ ಓದಿ, ಜೇನುಹುಳುಗಳಿಗೆ ಪಾಠ ಹೇಳುವ ಕೆಲಸಕ್ಕೆ ಬಂದಿದ್ದಳು. ಹುಳುವನ್ನು ತಲೆಯಷ್ಟೇ ಹೊರಗೆ ಕಾಣುವಂತೆ ಪುಟ್ಟ ಕೊಳವೆಯಲ್ಲಿ ಕೂರಿಸಿ, ಸಿಡಿಮದ್ದಿನ ವಾಸನೆಯ ಗಾಳಿ ಬಿಟ್ಟು, ಮರುಕ್ಷಣವೇ ಸಕ್ಕರೆ ನೀರು ಮುಟ್ಟಿಸಬೇಕು. ಏಳೆಂಟು ಸಲ ಹೀಗೆ ಮಾಡಿದರೆ, ಆಮೇಲೆ ಬರೀ ವಾಸನೆಗೇ ಹುಳು ನಾಲಿಗೆ ಚಾಚುತ್ತದೆ.

ಕಲಿತ ಹುಳುಗಳ ಪೆಟ್ಟಿಗೆ ವ್ಯಾನಿನಲ್ಲಿ ಹಿಂದೊಮ್ಮೆ ಯುದ್ಧ ನಡೆದು, ನೆಲದೊಳಗೆ ಸಿಡಿಗುಂಡುಗಳು ಉಳಿದುಹೋಗಿದ್ದ ಬಯಲಿಗೆ ಹೋಗುತ್ತಿತ್ತು. ಅಲ್ಲಿ ಪಟ್ಟಿ ಪಟ್ಟಿಯಾಗಿ ನೆಲದ ಗಾಳಿ ಹೀರಿ ಅವುಗಳ ಮುಂದೆ ಬಿಡುತ್ತಿದ್ದರು. ದೂರ ಕೂತು ಕ್ಯಾಮೆರಾದಲ್ಲಿ ನಾಲಿಗೆ ನೋಡುತ್ತಿದ್ದರು. ಚಾಚದಿದ್ದರೆ ಆ ಪಟ್ಟಿಯಲ್ಲಿ ಅಪಾಯವಿಲ್ಲವೆಂದು ಲೆಕ್ಕ. ಅಂಥ ಪಟ್ಟಿಗಳಲ್ಲಿ ಟ್ರ್ಯಾಕ್ಟರ್ ಹೊಡೆಯುವವನು ಅವಳ ಸ್ವಂತ ಅಣ್ಣ.

ಎರಡು ವಾರದಿಂದ ಹುಳುಗಳು ಯಾವ ಪಟ್ಟಿಗೂ ನಾಲಿಗೆ ಚಾಚಿರಲಿಲ್ಲ. ಎಲ್ಲರಿಗೂ ಖುಷಿ. ಕಳಿಸುವ ಮುನ್ನ ನಿಜವಾದ ಮದ್ದಿನ ವಾಸನೆ ಕೊಟ್ಟು ಪರೀಕ್ಷಿಸುತ್ತಿದ್ದವಳೂ ಅವಳೇ. ದಿನಾ ಮೂವತ್ತಕ್ಕೆ ಮೂವತ್ತೂ ಪಾಸು.

ಆ ಬೆಳಿಗ್ಗೆ ಮಾತ್ರ ಒಂದೂ ಚಾಚಲಿಲ್ಲ. ಹುಷಾರಿಲ್ಲವೇನೋ ಎಂದು ಸಕ್ಕರೆ ನೀರು ಮುಟ್ಟಿಸಿದಳು, ಗಟಗಟ ಕುಡಿದವು. ಮತ್ತೆ ವಾಸನೆ ಬಿಟ್ಟಳು. ಇಲ್ಲ. ಯೋಚಿಸುತ್ತಾ ಕೂತವಳ ನಾಲಿಗೆ ತಾನಾಗಿಯೇ ಹಿಂದಿನ ದಿನ ಕೀಳಿಸಿಕೊಂಡಿದ್ದ ದವಡೆ ಹಲ್ಲಿನ ಖಾಲಿ ಜಾಗಕ್ಕೆ ಹೋಯಿತು.

ಎರಡು ವಾರ ಆ ಹಲ್ಲಿಗೆ ಲವಂಗ ಕಚ್ಚಿಕೊಂಡಿದ್ದಳು. ಬೇರೆಯವರಾಗಿದ್ದರೆ ದೂರದಿಂದ ನೋಡಿ ಬರೆದುಕೊಳ್ಳುತ್ತಿದ್ದರು. ಇವಳಿಗೆ ಕಣ್ಣಾರೆ ಕಂಡರೂ ನಂಬಿಕೆಯಿಲ್ಲ. ಒಂದೊಂದು ಹುಳುವಿನ ಮೇಲೂ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಳು. ಪಾಠ ಹೇಳುವಾಗಲೂ ಹಾಗೆಯೇ, ಪರೀಕ್ಷೆ ಮಾಡುವಾಗಲೂ ಹಾಗೆಯೇ.

ಚೀಲದಲ್ಲಿ ಉಳಿದಿದ್ದ ಒಂದು ಲವಂಗವನ್ನು ನೋವಿಲ್ಲದ ಕಡೆ ಕಚ್ಚಿದಳು. ಮದ್ದಿನ ಸೀಸೆ ಮುಚ್ಚಿಟ್ಟು, ಮೆಲ್ಲಗೆ ಉಸಿರು ಬಿಟ್ಟಳು. ಮೂವತ್ತು ನಾಲಿಗೆಗಳು ಒಟ್ಟಿಗೆ ಹೊರಬಂದವು.

ಅಷ್ಟು ಹೊತ್ತಿಗೆ ಅಣ್ಣ ಟ್ರ್ಯಾಕ್ಟರ್ ಹತ್ತಿರುತ್ತಾನೆ. ಇಲ್ಲದ ಅನುಮಾನಕ್ಕೆ ಎರಡು ಸಲ ಕೆಲಸ ನಿಲ್ಲಿಸಿ ಬೈಸಿಕೊಂಡಿದ್ದಳು. ಇನ್ನೊಮ್ಮೆ ಹೀಗಾದರೆ ಮತ್ತೆ ಸೀಸೆ ತೊಳೆಯೋದೇ ಗತಿ ಎಂದು ಮುಖ್ಯಸ್ಥರು ಹೇಳಿಯೂ ಇದ್ದರು. ಅವರನ್ನು ಕೇಳಿಯೇ ಮುಂದುವರಿಯೋಣವೆಂದು ಬಾಗಿಲ ತನಕ ಹೋದವಳು ಅಲ್ಲೇ ನಿಂತು ಅಣ್ಣನಿಗೆ ಫೋನ್ ಮಾಡಿದಳು.

“ಅಣ್ಣಾ, ಈಗ ಎಲ್ಲಿದ್ದೀಯೋ ಅಲ್ಲೇ ಗಾಡಿ ನಿಲ್ಲಿಸು. ಕೆಳಗಿಳಿಯಬೇಡ.”

“ಯಾಕೆ, ಇಲ್ಲಿಂದಲೇ ನಿನ್ನ ಬೀಗ ಜಗ್ಗಿ ನೋಡಬೇಕಾ?”

“ಹುಳುಗಳಿಗೆ ಮದ್ದು ಕಲಿಸಿಲ್ಲ ಕಣಣ್ಣ. ಲವಂಗ ಕಲಿಸಿಬಿಟ್ಟಿದ್ದೀನಿ.”

ಅವನು ನಗಲಿಲ್ಲ. ಇಂಜಿನ್ನಿನ ಸದ್ದು ನಿಂತಿತು.

ಮುಖ್ಯಸ್ಥರು ಅವಳ ಮುಖ ನೋಡಿದವರೇ ಮತ್ತೆ ಅನುಮಾನವಾ ಎಂದರು.

“ಇಲ್ಲ ಸರ್, ಈ ಸಲ ಖಾತ್ರಿ. ತಪ್ಪು ನನ್ನದೇ.”

ಲೋಹ ಪತ್ತೆ ಮಾಡುವವರು ಮೊಣಕಾಲೂರಿ, ಗೇಣು ಗೇಣಾಗಿ ನೆಲ ನೋಡುತ್ತಾ ಟ್ರ್ಯಾಕ್ಟರಿನ ಹತ್ತಿರ ಹೋಗುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಅಲ್ಲಿಯವರೆಗೆ ಅಣ್ಣ ಸೀಟಿನ ಮೇಲೆ ಅಲುಗಾಡದೆ ಕೂತಿದ್ದ. ಇಳಿದು ಬಂದವನು, ಹಲ್ಲು ಕಿತ್ತ ಡಾಕ್ಟರಿಗೆ ತನ್ನ ಲೆಕ್ಕದಲ್ಲೂ ಒಂದು ನಮಸ್ಕಾರ ಹೇಳು ಎಂದ. ಅಷ್ಟು ಹೇಳುವುದಕ್ಕೂ ಅವನು ನೀರು ಕುಡಿಯಬೇಕಾಯಿತು.

ಅವಳನ್ನು ಸೀಸೆ ತೊಳೆಯಲು ಕಳಿಸಲಿಲ್ಲ. ಈಗ ಮುಖಗವಸು ಹಾಕಿಕೊಂಡು, ಒಂದು ಮಾರು ದೂರ ನಿಂತು ಪಾಠ ಹೇಳುತ್ತಾಳೆ. ಬಗ್ಗಿ ನೋಡುವ ಆಸೆ ಇನ್ನೂ ಹೋಗಿಲ್ಲ.

ಅಣ್ಣ ಆಗಲೇ ಉತ್ತಿದ್ದ ಪಟ್ಟಿಗಳನ್ನು ಮತ್ತೆ ನೋಡಿದಾಗ ಏನೂ ಸಿಗಲಿಲ್ಲ. ಟ್ರ್ಯಾಕ್ಟರ್ ನಿಂತಿದ್ದಲ್ಲಿಂದ ಹನ್ನೊಂದು ಹೆಜ್ಜೆ ಮುಂದೆ, ಮೊಳದಷ್ಟು ಆಳದಲ್ಲಿ, ಒಂದು ಸಿಡಿಗುಂಡು ಸಿಕ್ಕಿತು. ಅವನ ನೇಗಿಲು ಅಷ್ಟು ಆಳಕ್ಕೆ ಇಳಿಯುತ್ತಿತ್ತೋ, ಮೇಲೆಯೇ ಹಾಯ್ದು ಹೋಗುತ್ತಿತ್ತೋ, ಅದು ಯಾರಿಗೂ ಗೊತ್ತಿಲ್ಲ.