ಕಕ್ಕಸಿನ ಬಾಗಿಲಿಗೊಂದು ಸ್ಟೀಲಿನ ಪಟ್ಟಿ

ಕರಿಯಕ್ಕ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ರಾಮಾಂಜಿನಮ್ಮ ಚೊಂಬು ಮುಂದೆ ಹಿಡಿದರೆ ತಲೆ ಅಲ್ಲಾಡಿಸಿ, ಸ್ಟೀಲು ತುಣುಕಿನ ಅಂಚಿಗೆ ಅರ ಉಜ್ಜುತ್ತಲೇ ಇದ್ದಳು.

"ಕುಡಿಯೇ. ಬಾಗಿಲಿಗೆ ನಾನು ನಿಂತ್ಕಂತೀನಿ."

"ನಿನ್ನೆನೂ ನೀನೇ ನಿಂತಿದ್ದೆ ಬುಡಕ್ಕ. ನಂಗೆ ಇವತ್ತೇ ಕೊನೆ. ಇನ್ನು ನಮ್ಮೂರು ದೊಡ್ಡೇರಿ ಬಿಟ್ಟು ಬರಾಕಿಲ್ಲ."

ಮಧುಗಿರಿಯ ಆ ವರ್ಕ್‌ಶಾಪ್ ಶೆಡ್ಡಿನ ಹಿಂದಿದ್ದ ಕಕ್ಕಸಿಗೆ ಬಾಗಿಲಿತ್ತು, ಚಿಲಕವಿರಲಿಲ್ಲ. ಇದ್ದವರು ಇಬ್ಬರೇ ಹೆಂಗಸರು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು. ನಿನ್ನೆ ಕಾವಲಿದ್ದ ರಾಮಾಂಜಿನಮ್ಮನನ್ನು ಮಾಲೀಕ ವೆಂಕಟರಾಮಯ್ಯ ಟೀ ಲೋಟ ತೊಳೆಯಲು ಕೂಗಿ ಕರೆದಿದ್ದ. ಅಷ್ಟರಲ್ಲಿ ಲಾರಿ ಡ್ರೈವರ್ ಬಂದು ಬಾಗಿಲು ತಳ್ಳಿದ. ತಳ್ಳಿದವನು ತಿರುಗಿ ಹೋಗಲು ಅವಸರವನ್ನೂ ಮಾಡಲಿಲ್ಲ.

ಕರಿಯಕ್ಕ ಹೋದರೆ ತನಗೆ ಕಾವಲು ಯಾರು? ರಾಮಾಂಜಿನಮ್ಮ ಚೊಂಬು ಕೆಳಗಿಟ್ಟಳು.

ಅಷ್ಟರಲ್ಲಿ ವೆಂಕಟರಾಮಯ್ಯ ಎಲ್ಲರನ್ನೂ ಸಿ.ಎನ್.ಸಿ. ಮಷೀನಿನ ಬಳಿಗೆ ಕರೆದ. ಕಂಪ್ಯೂಟರಿನಲ್ಲಿ ಬರೆದ ಹಾಗೆ ತಾನೇ ಲೋಹ ಕೊರೆಯುವ ಅದು ಬಂದು ಆರು ತಿಂಗಳಾಗಿರಲಿಲ್ಲ. ಸಿರಾ, ಪಾವಗಡದಿಂದಲೂ ಜನ ನೋಡಲು ಬರುತ್ತಿದ್ದರು. ಬೆಂಗಳೂರಿನ ಆರ್ಡರ್ ಮುಗಿದು ಸ್ಟೇನ್‌ಲೆಸ್ ಸ್ಟೀಲಿನ ದಪ್ಪ ಪಟ್ಟಿಯೊಂದು ಮಿಕ್ಕಿತ್ತು. ಮೊಳದುದ್ದದ್ದು.

"ಇದ್ರಲ್ಲಿ ಏನ್ ಮಾಡಾಣ, ಹೇಳ್ರಪ್ಪಾ. ಸಾಯಂಕಾಲ ಬ್ಯಾಂಕಿನೋರು ಬತ್ತಾರೆ. ಮಷೀನಿನ ಕೈಚಳಕ ಕಾಣ್ಬೇಕು."

"ಆಂಜನೇಯನ ಗದೆ," ಎಂದ ಫಿಟ್ಟರ್ ಕದಿರಯ್ಯ.

"ಆಶ್‌ಟ್ರೇ ಸಾರ್," ಎಂದ ಮಷೀನು ನಡೆಸುವ ಸಿದ್ದಗಂಗಯ್ಯ.

"ಚಿಲಕ," ಎಂದಳು ರಾಮಾಂಜಿನಮ್ಮ. "ಕಕ್ಕಸಿಗೆ."

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೇ ಸಿದ್ದಗಂಗಾ, ಕೇಳ್ದೇನ್ಲಾ! ಕಂಪ್ಯೂಟರ್‌ನಾಗೆ ಕಕ್ಕಸಿನ ಚಿಲಕ! ಅಂಗಡೀಲಿ ಸಿಗ್ತದೆ ಕಣಮ್ಮ," ಎಂದ ವೆಂಕಟರಾಮಯ್ಯ.

"ಸಿಗ್ತದೆ. ತಂದ್ರೇನಯ್ಯಾ ಯಾವತ್ತಾದ್ರೂ? ಎಷ್ಟು ಸಲ ಕೇಳಿಲ್ಲ ನಾವು?"

"ಒಳ್ಳೆ ಜಗಳಗಂಟಿ. ನಿಮ್ಮೂರು ಹೊಸಕೋಟೆ ಕಡೆ ನೀರೇ ಹಂಗಾ?"

"ನೀರು ಕುಡ್ದು ಎಷ್ಟು ಕಾಲ ಆಯ್ತೋ, ನಂಗೇನ್ ಗೊತ್ತು!"

ಅವಳ ಮಾತು ಯಾರಿಗೂ ತಟ್ಟಲಿಲ್ಲ. ಮಾಲೀಕನ ಹೆಸರಿನ ಬೋರ್ಡು ಎಂದು ತೀರ್ಮಾನವಾಯಿತು, ಮೇಜಿನ ಮೇಲಿಡಲು, ಇಂಗ್ಲಿಷಿನಲ್ಲಿ.

ಸಿದ್ದಗಂಗಯ್ಯ ಗುಂಡಿಗಳನ್ನು ಒತ್ತಿದ. ಹಾಲಿನಂಥ ನೀರು ಸುರಿಯುತ್ತ ಮಷೀನು ಅಕ್ಷರ ಕೊರೆಯತೊಡಗಿತು. ಹೇಳಿದ ಮಾತನ್ನು ಕೂದಲೆಳೆಯಷ್ಟೂ ಮೀರದ ಕಬ್ಬಿಣ. ಅದಕ್ಕೆ ಹೇಳುವವರಿಗೆ ಮಾತ್ರ ಕಿವಿ ಇರಲಿಲ್ಲ. ಮಧ್ಯಾಹ್ನ ಬೋರ್ಡು ರಾಮಾಂಜಿನಮ್ಮನ ಕೈಗೇ ಬಂತು, ಅಂಚು ಉಜ್ಜಿ ನುಣುಪು ಮಾಡಲು. ವೆಂಕಟರಾಮಯ್ಯನ ಒಂದೊಂದು ಅಕ್ಷರದೊಳಗೂ ಅರ ತೂರಿಸಿ ಎಳೆಯುವಾಗ ಅವಳು ಹಲ್ಲು ಕಡಿಯುತ್ತಿದ್ದಳು. ಉಜ್ಜುತ್ತ ಉಜ್ಜುತ್ತ ಅವಳ ಕೈ ನಿಂತಿತು. ಪಟ್ಟಿಯ ಉದ್ದವನ್ನು ಮತ್ತೊಮ್ಮೆ ನೋಡಿದಳು. ಕಕ್ಕಸಿನಲ್ಲಿ ಕೂತಾಗಲೆಲ್ಲ ಬಾಗಿಲಿಗೆ ಎಡಗಾಲು ಒತ್ತಿ ಹಿಡಿದವಳು ಅವಳು. ಬಾಗಿಲಿಗೂ ಒಳಗಿನ ಮೆಟ್ಟಿಲ ಕಲ್ಲಿಗೂ ನಡುವಿನ ಅಳತೆ ಅವಳ ಕಾಲಿಗೆ ಗೊತ್ತಿತ್ತು.

ಬೋರ್ಡನ್ನು ಸೆರಗಿನಲ್ಲಿ ಸುತ್ತಿ ಎದ್ದಳು.

"ಕರಿಯಕ್ಕಾ, ಈಗ ಕುಡಿ ನೀರು. ಹೊಟ್ಟೆ ತುಂಬ ಕುಡಿ. ಆಮೇಲೆ ಬಾ ನನ್ ಜೊತೆ."

ಸಂಜೆ ಬ್ಯಾಂಕಿನ ಜೀಪು ಬಂದು ನಿಂತಿತು. ಮೇಜಿನ ಮೇಲೆ ಬೋರ್ಡಿಲ್ಲ. ವೆಂಕಟರಾಮಯ್ಯ ಹುಡುಕುತ್ತ ಶೆಡ್ಡಿನ ಹಿಂದಕ್ಕೆ ಬಂದ. ರಾಮಾಂಜಿನಮ್ಮ ಗೋಡೆಗೊರಗಿ ಕೂತಿದ್ದಳು, ಚೊಂಬು ಎತ್ತಿ ಗಟಗಟ ಕುಡಿಯುತ್ತ.

"ಬೋರ್ಡ್ ಎಲ್ಲಮ್ಮ?"

"ಒಳಗೈತೆ. ಬಾಗಿಲಿಗೆ ಅಡ್ಡ ಕೊಟ್ಟೀವಿ."

ಅವನು ಬಾಗಿಲು ತಳ್ಳಿದ. ಅಲ್ಲಾಡಲಿಲ್ಲ. ಇನ್ನೊಮ್ಮೆ ಭುಜ ಕೊಟ್ಟು ತಳ್ಳಿದ.

"ಯಾವನ್ಲಾ ಅವ್ನು?" ಒಳಗಿಂದ ಕರಿಯಕ್ಕ ಗುಡುಗಿದಳು.

ಅವನು ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. ಜೀಪಿನ ಕಡೆಯಿಂದ ಯಾರೋ ಕರೆಯುತ್ತಿದ್ದರು.

"ಅವ್ಳು ಬಂದ ಮ್ಯಾಲೆ ನಾನು ಹೋಗ್ಬೇಕು," ಎಂದಳು ರಾಮಾಂಜಿನಮ್ಮ, ಕೂತಲ್ಲಿಂದ ಏಳದೆ. "ಚಿಲಕ ತಂದಿಡು. ನಿನ್ನ ಹೆಸರು ತೊಳ್ದು ಕೊಡ್ತೀವಿ."